ಮುರಿದ ಚಿಲಕಕ್ಕೆ ಬಡಗಿ ಬಂದ, ಗೀಸರ್ ನೋಡಲು ಯಾರೂ ಬರಲಿಲ್ಲ

ಬ್ಯಾಂಕಿನ ವಸತಿಗೃಹಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಸಾಯಲಿಲ್ಲ. ನಿಮ್ಮ ಕಚೇರಿಗೆ ಈ ವಿಷಯ ಅವಸರದ್ದಾಗಿ ಕಾಣದೇ ಇರುವುದಕ್ಕೆ ಅದೊಂದೇ ಕಾರಣವಿರಬೇಕು. ವಿಜಯವಾಡದ ಪಟಮಟದಲ್ಲಿರುವ ನಿಮ್ಮ ಬ್ಯಾಂಕಿನ ಕ್ವಾರ್ಟರ್ಸಿನಲ್ಲಿ, ಕಳೆದ ಕಾರ್ತಿಕ ಮಾಸದ ಒಂದು ಬೆಳಿಗ್ಗೆ, ಹಸಿ ಬಾಣಂತಿಯಾಗಿದ್ದ ನನ್ನ ಮಗಳು ಕಮಲಾ ಬಚ್ಚಲುಮನೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಳು. ಅವಳಿಗೆ ನೀರೆರೆಯುತ್ತಿದ್ದ ನನ್ನ ತಾಯಿಯೂ ಅವಳ ಜೊತೆಗೇ ಹೋಗಿಬಿಡುತ್ತಿದ್ದರು. ಕಾರಣ, ಬಚ್ಚಲ ಗೋಡೆಗೆ ನೀವು ಹಾಕಿಸಿದ ಗ್ಯಾಸ್ ಗೀಸರ್. ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸುತ್ತೇವೆಂದು ಮಾತು ಕೊಟ್ಟವರು ನೀವು. ಹಾಕಿಸಿದ ದಿನದಿಂದ ಅದನ್ನು ಬಿಚ್ಚಿ ನೋಡಿದವರು ಯಾರೂ ಇಲ್ಲ. ಅದೇ ಸಲ, ಅದೇ ಕಂಪನಿಯಿಂದ ಕೊಂಡ ಗೀಸರ್‌ಗಳು ವಿಶಾಖಪಟ್ಟಣದ ಗಾಜುವಾಕದ ಕ್ವಾರ್ಟರ್ಸಿನಲ್ಲೂ ಇವೆ. ಅಲ್ಲಿ ಇನ್ನೊಬ್ಬ ಹುಡುಗಿಗೆ ಈಗ ದಿನ ತುಂಬುತ್ತಿದೆ. ನನ್ನ ಮಗಳದ್ದು ಆಗಿಹೋಯಿತು, ಅವಳು ಬದುಕಿದಳು. ಈ ಪತ್ರ ಬರೆಯುತ್ತಿರುವುದು ಆ ಇನ್ನೊಬ್ಬಳಿಗಾಗಿ.

ಇದನ್ನೆಲ್ಲ ಪತ್ರಿಕೆಯಲ್ಲಿ ಏಕೆ ಹಾಕಿಸಬೇಕಿತ್ತು, ಖಾಸಗಿಯಾಗಿ ಬರೆಯಬಾರದಿತ್ತೇ ಎಂದು ನೀವು ಕೇಳಬಹುದು. ಬರೆದೆವು. ನಮ್ಮ ಯಜಮಾನರು ಬಹಳ ವಿನಯದಿಂದಲೇ ಬರೆದರು. ಅದಕ್ಕೆ ನಿಮ್ಮಿಂದ ಉತ್ತರವೂ ಬಂತು. ಆ ಉತ್ತರ ಓದಿದ ಮೇಲೆಯೇ ನಾನು ಪೆನ್ನು ಹಿಡಿದದ್ದು. ಈ ವಾರಪತ್ರಿಕೆ ನಿಮ್ಮ ಕಚೇರಿಗೆ ತಪ್ಪದೆ ಬರುತ್ತದೆ, ಊಟದ ಹೊತ್ತಿಗೆ ನೀವೇ ಮೊದಲು ಬಿಡಿಸುತ್ತೀರಿ ಎಂದು ಕೇಳಿದ್ದೇನೆ. ನಮ್ಮ ಯಜಮಾನರಿಗೆ ಈಗ ರಾತ್ರಿ ನಿದ್ದೆಯಿಲ್ಲ. “ಅವರನ್ನ ಎದುರು ಹಾಕ್ಕೊಂಡ್ರೆ ಯಾವ ಮೂಲೆಗೆ ಎತ್ತಿ ಹಾಕ್ತಾರೋ ಗೊತ್ತಿಲ್ಲ ಕಣೇ. ಹೆಸರು ಹಾಕ್ಬೇಡ, ‘ನೊಂದ ತಾಯಿ’ ಅಂತ ಬರಿ, ಸಾಕು” ಎಂದರು. ನೊಂದ ತಾಯಂದಿರು ಬರೆದ ಪತ್ರಗಳು ಎಲ್ಲಿಗೆ ಹೋಗುತ್ತವೆ ಎಂದು ನನಗೆ ಗೊತ್ತು. ಅಲ್ಲದೆ ನಾನು ನಿಮ್ಮ ಸಂಬಳ ತಿನ್ನುವವಳಲ್ಲ, ನನ್ನನ್ನು ವರ್ಗ ಮಾಡಲು ನಿಮ್ಮ ಕೈಲಾಗುವುದಿಲ್ಲ. ಆದ್ದರಿಂದ ಹೆಸರು ಹಾಕಿಯೇ ಬರೆಯುತ್ತಿದ್ದೇನೆ.

ಈ ಗೀಸರ್ ನಮ್ಮ ಮನೆಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ನಮಗಿಂತ ಮುಂಚೆ ಆ ಮನೆಯಲ್ಲಿದ್ದವರು ಹಿತ್ತಿಲಲ್ಲಿ ಇಟ್ಟಿಗೆಯ ಒಲೆ ಕಟ್ಟಿಸಿದ್ದರು. ನಾವು ಊರಿಂದ ತಂದಿದ್ದ ತಾಮ್ರದ ಹಂಡೆ ಅದರ ಮೇಲೆ ಹೇಳಿ ಮಾಡಿಸಿದಂತೆ ಕೂತಿತು. ವಿಜಯವಾಡದ ಬೇಸಿಗೆಯಲ್ಲಿ ಬಿಸಿನೀರೇ ಬೇಡ, ಮಹಡಿಯ ಟ್ಯಾಂಕಿನ ನೀರೇ ಮೈ ಸುಡುತ್ತದೆ. ಆದರೆ ಹಬ್ಬದ ಎಣ್ಣೆನೀರಿಗೆ, ಜ್ವರ ಬಿಟ್ಟವರಿಗೆ, ಬಾಣಂತಿಯರಿಗೆ ಹಂಡೆ ಬೇಕಾಗುತ್ತಿತ್ತು. ಸುತ್ತಮುತ್ತಲ ನಾಲ್ಕು ಮನೆಯವರು ಬಿಂದಿಗೆ ಹಿಡಿದು ಬರುತ್ತಿದ್ದರು. ಆಮೇಲೆ ನಿಮ್ಮ ಕಚೇರಿಯವರು ಕಾಂಪೌಂಡಿಗೆ ಹೊಸದಾಗಿ ಬಣ್ಣ ಹೊಡೆಸಿದರು. ಒಲೆಯ ಹೊಗೆಯಿಂದ ಗೋಡೆ ಕಪ್ಪಾಗುತ್ತದೆ, ಬ್ಯಾಂಕಿನ ಆಸ್ತಿಗೆ ಹಾನಿಯಾಗುತ್ತದೆ ಎಂದು ಆದೇಶ ಬಂತು. ಆಳುಗಳು ಬಂದು ಒಲೆ ಒಡೆದರು. ಬದಲಿಗೆ ಪ್ರತಿ ಮನೆಯ ಬಚ್ಚಲಿಗೂ ಬಿಳಿ ಡಬ್ಬದಂಥ ಗ್ಯಾಸ್ ಗೀಸರ್ ಬಂತು. ನಲ್ಲಿ ತಿರುಗಿಸಿದರೆ ಒಳಗೆ ಭಗ್ ಎಂದು ಉರಿ ಹತ್ತಿಕೊಳ್ಳುತ್ತಿತ್ತು, ಕೆಳಗೆ ಬಿಸಿನೀರು ಬರುತ್ತಿತ್ತು. ಸುಳ್ಳು ಏಕೆ ಹೇಳಲಿ, ನಾವು ಹಿಗ್ಗಿದೆವು. ಬಂದವರಿಗೆಲ್ಲ ನಲ್ಲಿ ತಿರುಗಿಸಿ ತೋರಿಸಿದೆವು. ಒಲೆಯ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಅದು ತಪ್ಪಾಯಿತು. ಗೀಸರಿನ ವಿಷ ಕಾಣುವುದಿಲ್ಲ, ಆದ್ದರಿಂದ ಅದು ಸೌಕರ್ಯವಾಯಿತು.

ಗೀಸರ್ ಹಾಕಿದ ಗುತ್ತಿಗೆದಾರ ಅದರ ತಲೆಯ ಮೇಲಿಂದ ಗೋಡೆಯ ಹೊರಕ್ಕೆ ಒಂದು ತಗಡಿನ ಕೊಳವೆ ಬರಬೇಕು, ಅದರಲ್ಲೇ ಸುಟ್ಟ ಗಾಳಿ ಆಚೆ ಹೋಗುವುದು ಎಂದು ತಾನೇ ಹೇಳಿದ್ದ. ಕೊಳವೆ ಹಿಂದಿನಿಂದ ಬರುತ್ತದೆ ಎಂದ. ಅದು ಇನ್ನೂ ಬರುತ್ತಲೇ ಇದೆ. ಅದು ಬರುವ ತನಕ ಬಚ್ಚಲಿಗೆ ಇದ್ದದ್ದು ಮೇಲುಗಡೆಯ ಒಂದು ಪುಟ್ಟ ವೆಂಟಿಲೇಟರ್, ಅಷ್ಟೆ. ಇನ್ನು ಸರ್ವೀಸಿನ ವಿಷಯ. ಕ್ವಾರ್ಟರ್ಸಿನ ನಿಯಮಗಳಲ್ಲಿ ನಿವಾಸಿಗಳು ಗೀಸರನ್ನು ಬಿಚ್ಚಬಾರದು, ಹೊರಗಿನವರಿಂದ ಬಿಚ್ಚಿಸಲೂಬಾರದು, ಕಚೇರಿಯೇ ವರ್ಷಕ್ಕೊಮ್ಮೆ ತಿಳಿದವರನ್ನು ಕಳಿಸುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದೀರಿ. ಒಳ್ಳೆಯ ನಿಯಮ. ಅದರ ಮೊದಲ ಭಾಗವನ್ನು ನಾವು ಅಕ್ಷರಶಃ ಪಾಲಿಸಿದೆವು. ಎರಡನೆಯ ಭಾಗ ನಿಮ್ಮದಾಗಿತ್ತು.

ಕಳೆದ ಶ್ರಾವಣದ ಹೊತ್ತಿಗೆ ಗೀಸರಿನ ಉರಿ ಬಣ್ಣ ಬದಲಿಸಿತ್ತು. ಬಂದ ಹೊಸತರಲ್ಲಿ ಅಡಿಗೆಮನೆಯ ಸ್ಟೌವಿನ ಹಾಗೆ ನೀಲಿಯಾಗಿ ಉರಿಯುತ್ತಿದ್ದದ್ದು ಹಳದಿಯಾಗಿ, ಮೇಲಕ್ಕೆ ನಾಲಿಗೆ ಚಾಚಿಕೊಂಡು ಉರಿಯತೊಡಗಿತು. ಡಬ್ಬದ ಮೇಲಿನ ಗೋಡೆಗೆ ಮಸಿ ಹಿಡಿಯಿತು. ನಾನು ಹೇಳಿದೆ, ನಮ್ಮ ಯಜಮಾನರು ನಿಮ್ಮ ಕಚೇರಿಗೆ ಫೋನು ಮಾಡಿದರು, ನಿಮ್ಮ ಸರ್ವೀಸ್ ಏಜೆನ್ಸಿಯವನು ಕೊನೆಗೂ ಒಂದು ದಿನ ಬಂದ. ಹಸಿ ಬಟ್ಟೆ ಕೇಳಿದ, ಕೊಟ್ಟೆ. ಡಬ್ಬದ ಹೊರಮೈಯನ್ನು ಹಬ್ಬಕ್ಕೆ ಒರೆಸಿದ ಹಾಗೆ ಫಳಫಳ ಒರೆಸಿದ. ಗೋಡೆಯ ಮಸಿಯನ್ನೂ ಉಜ್ಜಿದ. ನಲ್ಲಿ ತಿರುಗಿಸಿದ, ಉರಿ ಹತ್ತಿತು. “ವೆಲಿಗಿಂದಿ ಕದಂಡೀ, ಇಂಕೇಂ ಭಯಂ ಲೇದು” ಎಂದ. ಹತ್ತಿಕೊಂಡಿತಲ್ಲ, ಇನ್ನು ಭಯವಿಲ್ಲವಂತೆ. “ಒಳಗೆ ನೋಡಲ್ವೇನಪ್ಪಾ?” ಎಂದು ನನ್ನ ಮುರುಕು ತೆಲುಗಿನಲ್ಲಿ ಕೇಳಿದೆ. ಅವನ ಹತ್ತಿರ ಸ್ಕ್ರೂಡ್ರೈವರ್ ಕೂಡ ಇರಲಿಲ್ಲ. ಕಾಫಿ ಕುಡಿದು ಹೊರಟುಹೋದ. ನಿಮ್ಮ ಉತ್ತರದಲ್ಲಿ “ಉಪಕರಣದ ಸರ್ವೀಸ್ ನಿಯಮಾನುಸಾರ ನಡೆದಿದೆ” ಎಂದು ಬರೆದಿದ್ದೀರಲ್ಲ, ಆ ಸರ್ವೀಸ್ ಇದು. ಒಳಗೆ ಏನೋ ಕೆಟ್ಟಿದೆ ಎಂದು ತಿಳಿಸಲು ಗೋಡೆಯ ಮೇಲಿದ್ದ ಒಂದೇ ಒಂದು ಗುರುತನ್ನು ಅವನು ಒರೆಸಿ ಹೋದ.

ಕಮಲಾ ಹೆರಿಗೆಗೆ ನಮ್ಮ ಮನೆಗೆ ಬಂದದ್ದು ದಸರೆಯ ಹೊತ್ತಿಗೆ. ನಮ್ಮ ಅಳಿಯ ಅಶ್ವತ್ಥ ನೌಕಾಪಡೆಯವನು, ವಿಶಾಖಪಟ್ಟಣದಲ್ಲಿ ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ. ಗಂಡುಮಗು ಹುಟ್ಟಿದಾಗ ಅವನು ಸಮುದ್ರದ ಮೇಲಿದ್ದ. ಬಾಣಂತನಕ್ಕೆಂದು ನನ್ನ ತಾಯಿ ಪುಟ್ಟಮ್ಮ ಹಾಸನದ ಕಡೆಯಿಂದ ಒಂದು ಮೂಟೆ ಸೀಗೆಪುಡಿ, ಒಂದು ಡಬ್ಬ ಹರಳೆಣ್ಣೆ ಹೊತ್ತುಕೊಂಡು ಬಂದರು. ಅಮ್ಮ ನೀರೆರೆದು ಎಬ್ಬಿಸಿದ ಬಾಣಂತಿಯರು ನಮ್ಮ ಊರಿನ ಪ್ರತಿ ಬೀದಿಯಲ್ಲೂ ಇದ್ದಾರೆ.

ಮಾನ್ಯರೇ, ನೀವೂ ನಮ್ಮ ಕಡೆಯವರೇ ಎಂದು ಕೇಳಿ ಬಲ್ಲೆ. ಆದ್ದರಿಂದ ಬಾಣಂತಿ ಸ್ನಾನ ಎಂದರೇನು ಎಂದು ನಾನು ನಿಮಗೆ ಹೇಳಿಕೊಡಬೇಕಿಲ್ಲ. ಮೊದಲು ಮಗುವಿಗೆ ನಡುಮನೆಯಲ್ಲಿ ಎರೆದು ತೊಟ್ಟಿಲಿಗೆ ಹಾಕುವುದು. ಆಮೇಲೆ ಬಾಣಂತಿಗೆ ನೆತ್ತಿಯಿಂದ ಹಿಮ್ಮಡಿಯವರೆಗೆ ಎಣ್ಣೆ ತಿಕ್ಕಿ, ತಡೆಯುವಷ್ಟು ಬಿಸಿಯ ನೀರನ್ನು ಚೊಂಬಿನ ಮೇಲೆ ಚೊಂಬು ಬೆನ್ನಿಗೆ, ಸೊಂಟಕ್ಕೆ ಬಡಿಯುವುದು. ಅದು ಬೇಗ ಮುಗಿಯುವ ಕೆಲಸವಲ್ಲ. ಹಂಡೆಗಟ್ಟಲೆ ನೀರು ಬೇಕು, ಗೀಸರ್ ನಿಲ್ಲದೆ ಉರಿಯುತ್ತಲೇ ಇರಬೇಕು. ಎಲ್ಲಕ್ಕಿಂತ ಮುಖ್ಯ, ಒಂದೆಳೆ ಗಾಳಿ ಒಳಗೆ ಬರಕೂಡದು. ಅಮ್ಮ ಬಂದ ದಿನವೇ ನನ್ನ ಹಳೇ ಸೀರೆಯೊಂದನ್ನು ಹರಿದು ವೆಂಟಿಲೇಟರಿಗೆ ತುರುಕಿದರು. ಬಾಗಿಲ ಸಂದಿಗೆ ಗೋಣಿತಾಟು ಒತ್ತಿದರು, ಒಳಗಿನಿಂದ ಚಿಲಕ ಹಾಕಿಕೊಂಡರು. ಅಷ್ಟೆಲ್ಲ ಬೇಕೇ ಎಂದು ಕೇಳಿದ್ದಕ್ಕೆ ನನ್ನನ್ನೇ ಗದರಿದರು. “ಹಸಿ ಮೈ ಕಣವ್ವ ಅದು. ಒಂಚೂರು ಗಾಳಿ ತಾಕುದ್ರೂ ಸನ್ನಿ ಕಟ್ಕತದೆ. ನಿಂಗ್ ಎರ್ದಾಗ ನಾನ್ ಹಿಂಗೇ ಅಲ್ವ ಎರ್ದಿದ್ದು, ಏನಾಯ್ತು ನಿಂಗೆ?” ನನಗೇನೂ ಆಗಿರಲಿಲ್ಲ. ಆಗ ಒಲೆ ಗೋಡೆಯ ಆಚೆಗಿತ್ತು, ಉರಿ ಹೊರಗೆ, ನಾವು ಒಳಗೆ. ಒಲೆಯನ್ನೇ ತಂದು ಬಚ್ಚಲೊಳಗೆ ಬಾಣಂತಿಯ ತಲೆಯ ಮೇಲೆ ನೇತುಹಾಕಿದವರು ನಮ್ಮ ಹಿರಿಯರಲ್ಲ.

ಎರೆದ ಮೇಲೆ ಕಮಲಾ ತಲೆನೋವು ಎನ್ನುತ್ತಿದ್ದಳು. ಬಾಣಂತಿಗೆ ಸುಸ್ತು ಇರುವುದೇ ಎಂದೆವು. ವಾಂತಿ ಮಾಡಿಕೊಂಡಳು, ಖಾರದ ಕಷಾಯ ಹೆಚ್ಚಾಯಿತು ಎಂದೆವು. ತಲೆ ಸುತ್ತುತ್ತದೆ ಎಂದಳು, ಮೇಲಿನ ಮನೆಯವರು ನೋಡಿಕೊಂಡು ಹೋಗಿದ್ದರು, ದೃಷ್ಟಿಯಾಗಿದೆ ಎಂದು ಅಮ್ಮ ಮೆಣಸಿನಕಾಯಿ ನಿವಾಳಿಸಿ ಸ್ಟೌವಿನ ಉರಿಗೆ ಹಾಕಿದರು. ಘಾಟು ಬರಲಿಲ್ಲ, ದೃಷ್ಟಿ ತಾಕಿರುವುದು ಖಂಡಿತ ಎಂದರು. ಕೊನೆಗೆ ಒಂದು ಬೆಳಿಗ್ಗೆ ಎರೆದುಕೊಂಡು ಬಂದವಳು ಮಗುವನ್ನು ನೋಡಿ, “ಇದು ಯಾರ ಮಗು ಅಮ್ಮಾ?” ಎಂದು ಕೇಳಿದಳು. ಸನ್ನಿಯ ಮೊದಲ ಗುರುತು ಅದೇ ಎಂದರು ಅಮ್ಮ. ಸನ್ನಿಯೆಂದರೆ ಗಾಳಿ ಸೋಕಿದೆ ಎಂದರ್ಥ. ಗಾಳಿ ಎಲ್ಲಿಂದ ಬಂತು ಎಂದು ಇಬ್ಬರೂ ಸೇರಿ ಹುಡುಕಿದೆವು. ವೆಂಟಿಲೇಟರಿನ ಸೀರೆಯ ತುಂಡು ಒಂದು ಮೂಲೆಯಲ್ಲಿ ಸಡಿಲವಾಗಿತ್ತು. ಅದಕ್ಕೆ ಇನ್ನೊಂದು ತುಂಡು ಸೇರಿಸಿ ಬಿಗಿಯಾಗಿ ತುರುಕಿದೆವು. ಅವಳನ್ನು ಕಾಯುತ್ತಿದ್ದೇವೆಂದುಕೊಂಡು, ಅವಳ ಉಸಿರಿಗೆ ಇದ್ದ ಕೊನೆಯ ಸಂದಿಯನ್ನೂ ನಾವೇ ಮುಚ್ಚಿದೆವು.

ಮಾರನೆಯ ಬೆಳಿಗ್ಗೆ ಅಶ್ವತ್ಥ ಹಡಗಿನಿಂದ ಇಳಿದವನೇ ವಿಶಾಖಪಟ್ಟಣದಿಂದ ರೈಲು ಹಿಡಿದು, ಮಗುವನ್ನು ಮೊದಲ ಸಲ ನೋಡಲು ಮನೆಗೆ ಬಂದ. ಅವನು ಬಂದಾಗ ಅಮ್ಮ, ಕಮಲಾ ಬಚ್ಚಲಲ್ಲಿದ್ದರು. ಮಗುವನ್ನು ಅವನ ಕೈಗೆ ಕೊಟ್ಟು ಕಾಫಿಗೆ ಇಟ್ಟೆ. ಒಳಗೆ ಚೊಂಬಿನ ಸದ್ದು ನಿಂತಿತು. ಅಮ್ಮ ಮೈ ಉಜ್ಜುತ್ತಿರಬೇಕು ಎಂದುಕೊಂಡೆ. ಹಾಲು ಉಕ್ಕಿತು, ಇಳಿಸಿದೆ. ಚೊಂಬಿನ ಸದ್ದು ಇನ್ನೂ ಇಲ್ಲ, ಗೀಸರಿನ ಉರಿಯ ಗುಂಯ್ ಎನ್ನುವ ಸದ್ದು ಮಾತ್ರ ಕೇಳುತ್ತಿತ್ತು. “ಅಮ್ಮಾ” ಎಂದು ಕೂಗಿದೆ. ಉತ್ತರವಿಲ್ಲ. “ಕಮಲೀ” ಎಂದು ಬಾಗಿಲು ಬಡಿದೆ. ಒಳಗಿನಿಂದ ಬಾಗಿಲನ್ನು ಯಾರೋ ಉಗುರಿನಲ್ಲಿ ಕೆರೆದ ಹಾಗೆ ಸದ್ದು ಬಂತು, ಅಷ್ಟೆ. ಅಮ್ಮ ಚಿಲಕಕ್ಕೆ ಕೈ ಹಾಕಲು ನೋಡುತ್ತಿದ್ದರಂತೆ, ಕೈ ಮೇಲಕ್ಕೇ ಏಳಲಿಲ್ಲವಂತೆ.

ಅಶ್ವತ್ಥ ಮಗುವನ್ನು ನನ್ನ ಕೈಗೆ ಕೊಟ್ಟ. “ಅತ್ತೆ, ಸ್ವಲ್ಪ ಈ ಕಡೆ ಬನ್ನಿ” ಎಂದ. ಬಾಣಂತಿ ಎರೆದುಕೊಳ್ಳುವ ಬಚ್ಚಲ ಬಾಗಿಲ ಹತ್ತಿರ ಗಂಡಸು ಸುಳಿಯುವುದಿಲ್ಲ, ಅಳಿಯನಂತೂ ಸುಳಿಯುವುದೇ ಇಲ್ಲ. ಒಂದು ಗಳಿಗೆ, ಆ ಹೊತ್ತಿನಲ್ಲೂ, ನನ್ನ ಕಾಲು ಅವನಿಗೆ ಅಡ್ಡವಾಗಿಯೇ ನಿಂತಿತ್ತು. “ಅತ್ತೆ, ಜರುಗೀ!” ಎಂದು ಅವನು ಕಿರುಚಿದ. ಎರಡು ಒದೆತಕ್ಕೆ ಚಿಲಕ ಕಿತ್ತುಬಂತು. ಬಿಸಿ ಹಬೆ ಮುಖಕ್ಕೆ ಬಡಿಯಿತು. ಯಾವ ವಾಸನೆಯೂ ಇರಲಿಲ್ಲ, ಅದನ್ನು ನೀವು ಮರೆಯಬಾರದು, ಸೀಗೆಯ ವಾಸನೆ ಬಿಟ್ಟು ಯಾವ ವಾಸನೆಯೂ ಇರಲಿಲ್ಲ. ಕಮಲಾ ಬಚ್ಚಲ ಕಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ದಳು, ಅಮ್ಮ ಬಾಗಿಲ ಬುಡದಲ್ಲಿ ಕುಸಿದಿದ್ದರು. ಗೀಸರಿನಲ್ಲಿ ಹಳದಿ ಉರಿ ಉರಿಯುತ್ತಲೇ ಇತ್ತು.

ಅಶ್ವತ್ಥ ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಗೀಸರ್ ಆರಿಸಿದ, ಇಬ್ಬರನ್ನೂ ಹಿತ್ತಿಲಿಗೆ ಎಳೆದು ತಂದ. ನಾನು ಮಗಳ ಮೈಮೇಲೆ ಕಂಬಳಿ ಹೊದಿಸಿದೆ. ಮುಖಕ್ಕೆ ಗಾಳಿ ತಾಕೀತು ಎಂದು ಮುಸುಕೂ ಹಾಕಲು ಹೋದೆ, ನೋಡಿ ನಮ್ಮ ಬುದ್ಧಿಯನ್ನು. ಅವನು ನನ್ನ ಕೈ ಹಿಡಿದುಕೊಂಡ. “ಗಾಳಿ ಬೇಕು ಅತ್ತೆ, ಅವಳಿಗೆ ಗಾಳಿನೇ ಬೇಕು” ಎಂದು ಅಳುತ್ತ ಹೇಳಿದ. ಮೇಲಿನ ಮನೆಯ ಕಾಮೇಶ್ವರ ರಾಯರು, ಯಾರ ಮನೆಯವರ ದೃಷ್ಟಿ ತಾಕಿತೆಂದು ನಾವು ಅಂದುಕೊಂಡಿದ್ದೆವೋ ಅವರೇ, ಬನಿಯನ್ನಿನಲ್ಲೇ ಓಡಿಬಂದರು. “ಭಯಪಡಕಂಡಿ ಅಮ್ಮಾ, ಆಟೋ ಪಿಲಿಚಾನು” ಎಂದು ಧೈರ್ಯ ಹೇಳಿದರು. ಅವರು ಕರೆದಿದ್ದ ಆ ಆಟೋದಲ್ಲೇ ನರ್ಸಿಂಗ್ ಹೋಮಿಗೆ ಹೋದೆವು.

ಅಮ್ಮ ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಂಡರು. ಕಮಲಾ ಕಣ್ಣು ಬಿಡಲು ಸಂಜೆಯಾಯಿತು, ಅಲ್ಲಿಯವರೆಗೂ ಮೂಗಿಗೆ ಆಮ್ಲಜನಕ. ಡಾಕ್ಟರು ನಮಗೆ ಬಿಡಿಸಿ ಹೇಳಿದರು. ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ, ಬರ್ನರಿನ ತೂತುಗಳಲ್ಲಿ ಧೂಳು, ಮಸಿ ಕಟ್ಟಿದ್ದರೆ, ಗ್ಯಾಸು ಪೂರ್ತಿ ಸುಡುವುದಿಲ್ಲ, ಆಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಬಂದು ಕೂತುಬಿಡುತ್ತದೆ. ತಲೆನೋವು, ವಾಂತಿ, ಮರೆವು, ಆಮೇಲೆ ನಿದ್ದೆ. ನೀಲಿ ಉರಿ ಹಳದಿಯಾದದ್ದೇ ಅದರ ಎಚ್ಚರಿಕೆ, ಮಸಿಯೇ ಅದರ ಗುರುತು. ಅಂದರೆ ನಾವು ಸುಸ್ತು, ಕಷಾಯ, ದೃಷ್ಟಿ, ಸನ್ನಿ ಎಂದು ಹೆಸರಿಟ್ಟು ಕರೆದದ್ದೆಲ್ಲ ನಿಮ್ಮ ಬಿಳಿ ಡಬ್ಬವೇ ಆಗಿತ್ತು. ಬಾಣಂತಿಯಿಲ್ಲದ ಮನೆಯಲ್ಲಾಗಿದ್ದರೆ ಎರಡನೇ ದಿನದ ತಲೆನೋವಿಗೇ ಡಾಕ್ಟರನ್ನು ಕೇಳುತ್ತಿದ್ದರೇನೋ. ಬಾಣಂತಿಯ ಮನೆಯಲ್ಲಿ ಪ್ರತಿಯೊಂದು ನೋವಿಗೂ ಮೊದಲೇ ಒಂದು ಹೆಸರು ತಯಾರಿರುತ್ತದೆ, ಆದ್ದರಿಂದ ಯಾರೂ ಗೀಸರಿನ ಕಡೆ ನೋಡಲಿಲ್ಲ.

ಈಗ ನಿಮ್ಮ ಉತ್ತರಕ್ಕೆ ಬರುತ್ತೇನೆ. ಅದು ಇಂಗ್ಲಿಷಿನಲ್ಲಿತ್ತು, ಓದುಗರಿಗೆ ಅದರ ಸಾರವನ್ನು ಕನ್ನಡದಲ್ಲಿ ಕೊಡುತ್ತೇನೆ. ವೆಂಟಿಲೇಟರನ್ನು ನಿವಾಸಿಗಳೇ ಬಟ್ಟೆಯಿಂದ ಮುಚ್ಚಿದ್ದರಿಂದಲೂ, ಸಂಬಂಧಪಟ್ಟ ವೃದ್ಧೆಯ ಅಜ್ಞಾನದಿಂದಲೂ ಘಟನೆ ಸಂಭವಿಸಿದೆ. ಇದರಲ್ಲಿ ಕಚೇರಿಯ ಲೋಪವೇನೂ ಇಲ್ಲ. ಇನ್ನು ಮುಂದೆ ನಿವಾಸಿಗಳು ಸದರಿ ಉಪಕರಣವನ್ನು ಸಾಂಪ್ರದಾಯಿಕ ಉದ್ದೇಶಗಳಿಗೆ ಬಳಸತಕ್ಕದ್ದಲ್ಲ. ಆಹಾ, ಸಾಂಪ್ರದಾಯಿಕ ಉದ್ದೇಶ! ಬಿಸಿನೀರಿನ ಯಂತ್ರದಲ್ಲಿ ಬಿಸಿನೀರು ಕಾಯಿಸಿ ಸ್ನಾನ ಮಾಡುವುದು ಸಾಂಪ್ರದಾಯಿಕ ಉದ್ದೇಶವಾದರೆ, ಅದರ ಆಧುನಿಕ ಉದ್ದೇಶವೇನು ಸ್ವಾಮಿ? ಷೋಕೇಸಿನ ಹಾಗೆ ನೋಡುತ್ತ ಕೂರುವುದೇ? ಬ್ಯಾಂಕಿನ ಕ್ವಾರ್ಟರ್ಸಿನಲ್ಲಿರುವವರ ಮನೆಗಳಲ್ಲಿ ಹೆಂಗಸರು ಹೆರುತ್ತಾರೆ ಎಂಬುದು ನಿಮಗೆ ಅನಿರೀಕ್ಷಿತ ಸುದ್ದಿಯೇ? ಇಲ್ಲಿಯ ತೆಲುಗರಲ್ಲೂ ಬಾಲಿಂತ ಎಂದರೆ ಇದೇ ಬಿಸಿನೀರು, ಇದೇ ಮುಚ್ಚಿದ ಬಾಗಿಲು. ಯಂತ್ರ ಕೊಡುವಾಗ ಯಾರ ಮನೆಗೆ ಕೊಡುತ್ತಿದ್ದೇವೆ, ಆ ಮನೆಯವರು ಹೇಗೆ ಬದುಕುತ್ತಾರೆ ಎಂದು ನೋಡಿ ಕೊಡುವುದು ಅಧಿಕಾರಿಯ ಕೆಲಸವಲ್ಲವೇ?

ಬಟ್ಟೆ ತುರುಕಿದ್ದು ನಿಜ. ನಾನು ಮುಚ್ಚಿಡುವುದಿಲ್ಲ. ಆದರೆ ತುರುಕಬಾರದು ಎಂದು ಒಂದು ಮಾತು, ಯಾವ ಭಾಷೆಯಲ್ಲಾದರೂ, ನಿಮ್ಮವರು ಹೇಳಿದ್ದರೇ? ಉರಿ ಹಳದಿಯಾದರೆ ನಲ್ಲಿ ನಿಲ್ಲಿಸಿ ಎಂದು ಹೇಳಿದ್ದರೇ? ಗೋಡೆಗೆ ಬಣ್ಣ ಹೊಡೆಸಿದಾಗ ಮೊಳೆ ಹೊಡೆಯಬೇಡಿ ಎಂದು ಮನೆಮನೆಗೆ ಕಾಗದ ಕಳಿಸಿದ ಕಚೇರಿ ನಿಮ್ಮದು. ಮೊಳೆಯಿಂದ ಗೋಡೆಗೆ ಆಗುವ ನೋವು ನಿಮಗೆ ಗೊತ್ತು. ಹೊರಕ್ಕೆ ಹೋಗುವ ಕೊಳವೆ ಹಾಕಿದ್ದರೆ, ವರ್ಷಕ್ಕೊಮ್ಮೆ ಬರ್ನರ್ ಬಿಚ್ಚಿ ಉಜ್ಜಿದ್ದರೆ, ನಮ್ಮಮ್ಮ ವೆಂಟಿಲೇಟರಿಗೆ ಸೀರೆಯಲ್ಲ, ಹಾಸಿಗೆಯನ್ನೇ ತುರುಕಿದ್ದರೂ ಡಾಕ್ಟರು ಹೇಳುವಂತೆ ಇಷ್ಟಾಗುತ್ತಿರಲಿಲ್ಲ. ಬಿಚ್ಚಬಾರದು ಎಂಬುದೂ ನಿಮ್ಮ ಆಜ್ಞೆ, ಬಿಚ್ಚದೇ ಬಿಟ್ಟದ್ದರ ಫಲ ಮಾತ್ರ ನಮ್ಮ ತಪ್ಪು! ಇದನ್ನೇ ನಮ್ಮ ಕಡೆ ಗೂಬೆ ಕೂರಿಸುವುದು ಎನ್ನುತ್ತಾರೆ, ನಿಮಗೂ ಗೊತ್ತಿರಬೇಕು. ನೀವು ಗೂಬೆ ಕೂರಿಸಿದ್ದು ಎಂಥವರ ತಲೆಯ ಮೇಲೆ ಎಂದು ಕೇಳಿ. ಆ “ಸಂಬಂಧಪಟ್ಟ ವೃದ್ಧೆ” ಆವತ್ತಿನಿಂದ ಯಾರ ಮೈಗೂ ಎಣ್ಣೆ ಹಚ್ಚಿಲ್ಲ. ಸೀಗೆಪುಡಿಯ ಮೂಟೆಯನ್ನು ಹಿತ್ತಿಲಲ್ಲಿ ಸುರಿದುಬಿಟ್ಟರು. “ನನ್ ಕೈಯಾರೆ ಕೊಲ್ತಿದ್ನಲ್ಲವ್ವ ಮಗೀನ” ಎಂದು ಊಟ ಬಿಟ್ಟು ಕೂರುತ್ತಾರೆ. ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ನಿಮ್ಮ ಉತ್ತರವನ್ನು ಅವರಿಗೆ ಓದಿ ಹೇಳುವ ಧೈರ್ಯ ನನಗಿಲ್ಲ, ಏಕೆಂದರೆ ಅವರು ಅದನ್ನು ನಂಬಿಬಿಡುತ್ತಾರೆ. ಕಮಲಾ ಈಗ ಓಡಾಡಿಕೊಂಡಿದ್ದಾಳೆ, ಆದರೆ ಬಟ್ಟಲು ಎತ್ತಿದರೆ ಕೈ ನಡುಗುತ್ತದೆ, ಸ್ಟೌ ಹಚ್ಚಿ ಮರೆಯುತ್ತಾಳೆ. ಬರುಬರುತ್ತ ಸರಿಹೋಗಬಹುದು ಎನ್ನುತ್ತಾರೆ. ಆ “ಬಹುದು” ಎಂಬ ಮಾತನ್ನು ಹಿಡಿದುಕೊಂಡು ನಾವು ದಿನ ದೂಡುತ್ತಿದ್ದೇವೆ. ನನಗೆ ಸಿಟ್ಟಿದೆ, ಮಾನ್ಯರೇ, ಅದನ್ನು ಬೇರೆ ಹೇಗೆ ಹೇಳಬೇಕೋ ತಿಳಿಯದು.

ಒಂದು ವಿಷಯಕ್ಕೆ ಮಾತ್ರ ನಿಮ್ಮ ಕಚೇರಿಯ ಚುರುಕುತನವನ್ನು ಮೆಚ್ಚಲೇಬೇಕು. ನಾವು ನರ್ಸಿಂಗ್ ಹೋಮಿನಿಂದ ಮನೆಗೆ ಬಂದು ಇನ್ನೂ ಮೂಟೆ ಬಿಚ್ಚಿರಲಿಲ್ಲ, ನೀವು ಕಳಿಸಿದ ಬಡಗಿ ಬಾಗಿಲಲ್ಲಿ ನಿಂತಿದ್ದ. ಬಚ್ಚಲ ಬಾಗಿಲಿನ ಚಿಲಕ ಮುರಿದಿದೆ, ಬ್ಯಾಂಕಿನ ಆಸ್ತಿಗೆ ಹಾನಿಯಾಗಿದೆ ಎಂದು ವರದಿ ಹೋಗಿತ್ತಂತೆ. ಹೊಸ ಚಿಲಕ ತಂದಿದ್ದ, ಮೊದಲಿನದಕ್ಕಿಂತ ಗಟ್ಟಿಯಾದದ್ದು. ಅವನು ಸ್ಕ್ರೂ ಬಿಗಿಯುವಾಗ ಗೀಸರ್ ಅವನ ಭುಜದ ಪಕ್ಕದಲ್ಲೇ ಇತ್ತು. “ಅದನ್ನ ನೋಡೋಕೆ ಯಾರು ಬರ್ತಾರಪ್ಪಾ?” ಎಂದು ಕೇಳಿದೆ. ತನಗೆ ಚಿಲಕ ಮಾತ್ರ ಹೇಳಿದ್ದಾರೆ ಎಂದ. ಪಾಪ, ಅವನದೇನು ತಪ್ಪು. ಆವತ್ತಿನಿಂದ ಇವತ್ತಿನವರೆಗೆ ಗೀಸರ್ ನೋಡಲು ಯಾರೂ ಬಂದಿಲ್ಲ. ಅಶ್ವತ್ಥ ಸಿಲಿಂಡರಿನ ನಳಿಕೆ ಕಿತ್ತು ಅದನ್ನು ನಿರುಪಯೋಗ ಮಾಡಿ ಹೋಗಿದ್ದಾನೆ. ನಿಯಮ ಮುರಿದಿದ್ದೇವೆ, ದಯವಿಟ್ಟು ಗಮನಿಸಿಕೊಳ್ಳಿ.

ಇನ್ನು ಗಾಜುವಾಕದ ವಿಷಯ. ಅಲ್ಲಿಯ ಕ್ವಾರ್ಟರ್ಸಿನಲ್ಲಿ ನಿಮ್ಮ ಬ್ಯಾಂಕಿನ ಗುಮಾಸ್ತರೊಬ್ಬರ ಹೆಂಡತಿ ಮಂಗಳಾಗೌರಿ ಇದ್ದಾಳೆ. ಎರಡು ವರ್ಷ ಪಟಮಟದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹುಡುಗಿ, ನನ್ನನ್ನು ಅಕ್ಕ ಎನ್ನುತ್ತಾಳೆ. ಅವಳಿಗೆ ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿರುವುದರಿಂದ ಹೆರಿಗೆ ಅಲ್ಲೇ, ಬಾಣಂತನ ಮಾಡಲು ಅವಳ ತಾಯಿ ಊರಿಂದ ಬಂದಾಗಿದೆ. ಅವರ ಮೂಟೆಯಲ್ಲಿ ಸೀಗೆಪುಡಿ ಇರುತ್ತದೆ, ಎಣ್ಣೆ ಇರುತ್ತದೆ. ವೆಂಟಿಲೇಟರಿಗೆ ತುರುಕಲು ಮಗಳ ಹಳೇ ಸೀರೆ ಮನೆಯಲ್ಲೇ ಸಿಗುತ್ತದೆ. ನಾನು ಗಾಬರಿಯಿಂದ ಎಸ್‌ಟಿಡಿ ಬೂತಿಗೆ ಓಡಿ ಅವಳ ಗಂಡನ ಬ್ರಾಂಚಿಗೆ ಫೋನು ಮಾಡಿ ಅವಳನ್ನು ಕರೆಸಿಕೊಂಡು ಮಾತಾಡಿದೆ. ಗೀಸರ್ ಹೇಗಿದೆ ಎಂದು ಕೇಳಿದೆ. ಅವಳು ನಕ್ಕಳು. “ನಮ್ದಕ್ಕೇನೂ ಆಗಿಲ್ಲ ಅಕ್ಕ. ಮೊನ್ನೆನೇ ಬಂದು ಒರೆಸಿ ಹೋದ್ರು. ತಿರುಗಿಸಿದ ತಕ್ಷಣ ಹತ್ಕೊಳ್ಳುತ್ತೆ. ಉರಿ ಎಷ್ಟ್ ಚೆನ್ನಾಗಿದೆ ಗೊತ್ತಾ, ದೇವರ ಮುಂದೆ ದೀಪ ಹಚ್ಚಿದ ಹಾಗೆ ಹಳದಿಯಾಗಿ.”

ಮಾನ್ಯರೇ, ಅವಳಿಗೆ ಎಲ್ಲವನ್ನೂ ಹೇಳಿದೆ. ಗೀಸರ್ ಹಚ್ಚಬೇಡ ಎಂದು ಆಣೆ ಹಾಕಿದೆ. ಆಗಲಿ ಅಕ್ಕ ಎಂದಳು, ಆದರೆ ಅವಳ ದನಿಯಲ್ಲಿ ನಂಬಿಕೆ ಇರಲಿಲ್ಲ. ಹೆತ್ತ ಮೇಲೆ ಅವಳ ಮಾತು ಆ ಮನೆಯಲ್ಲಿ ನಡೆಯುವುದಿಲ್ಲ, ಬಾಣಂತಿಯ ಮಾತನ್ನು ಯಾರೂ ಕೇಳುವುದಿಲ್ಲ. ಅವಳ ತಾಯಿಯ ಮಾತೇ ನಡೆಯುತ್ತದೆ. ಆ ತಾಯಿ ಅಜ್ಞಾನಿಯಲ್ಲ, ನನ್ನ ತಾಯಿಯ ಹಾಗೆಯೇ ಪ್ರೀತಿ ತುಂಬಿದ ಹೆಂಗಸು. ಅದಕ್ಕೇ ನನಗೆ ಇಷ್ಟು ಭಯ.

ಆದ್ದರಿಂದ ಕೇಳುತ್ತೇನೆ, ಬೇಡುತ್ತಿಲ್ಲ. ಅವಳು ಹೆರುವ ಮೊದಲು ಗಾಜುವಾಕಕ್ಕೆ ಕೆಲಸ ಬಲ್ಲ ಮನುಷ್ಯನನ್ನು ಕಳಿಸಿ, ಒರೆಸುವ ಬಟ್ಟೆಯಲ್ಲ, ಬಿಚ್ಚುವ ಸಲಕರಣೆ ಕೊಟ್ಟು ಕಳಿಸಿ. ಪ್ರತಿ ಗೀಸರಿನ ಬರ್ನರ್ ತೆಗೆದು ಮಸಿ ಉಜ್ಜಲಿ, ನೀರು ಕಾಯುವ ಸುರುಳಿಯ ಸಂದುಗಳನ್ನು ಚೊಕ್ಕ ಮಾಡಲಿ, ಬಿರುಕುಬಿಟ್ಟ ರಬ್ಬರ್ ನಳಿಕೆ ಬದಲಿಸಿ ಸೋಪಿನ ನೀರು ಹಚ್ಚಿ ಸೋರಿಕೆ ನೋಡಲಿ, ಉರಿ ನೀಲಿಯಾಗುವ ತನಕ ಅಲ್ಲಿಂದ ಕದಲದಿರಲಿ. ಬಾಕಿಯಿರುವ ಕೊಳವೆಯನ್ನು ಗೋಡೆಯ ಆಚೆಗೆ ಹಾಕಿಸಿ. ಬಾಗಿಲ ಕೆಳಗೂ ಗೋಡೆಯ ಮೇಲೂ ಬಟ್ಟೆ ತುರುಕಲು ಬಾರದಂಥ ಜಾಲರಿ ಕೂರಿಸಿ. ಅಷ್ಟಾಗುವವರೆಗೆ ಗ್ಯಾಸ್ ಕಡಿದು, ಹಿತ್ತಿಲಲ್ಲಿ ಒಲೆ ಹೂಡಲು ಅಪ್ಪಣೆ ಕೊಡಿ. ಗೋಡೆ ಕಪ್ಪಾದರೆ ಮತ್ತೆ ಬಣ್ಣ ಹೊಡೆಯಬಹುದು.

ಇದೆಲ್ಲಕ್ಕೆ ನಿಮಗೆ ಎಷ್ಟು ಕಾಲ ಹಿಡಿಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿರುವುದರಿಂದ, ನಾನೇ ನಾಳೆ ಬೆಳಿಗ್ಗೆಯ ರೈಲಿಗೆ ಹೊರಡುತ್ತಿದ್ದೇನೆ. ಅಮ್ಮನೂ ಬರುತ್ತೇನೆ ಎಂದಿದ್ದಾರೆ. ಆ ಒಂದು ಕೊರಗಿನ ಮಾತು ಬಿಟ್ಟರೆ, ಆವತ್ತಿನಿಂದ ಅವರು ತಾವಾಗಿ ಆಡಿದ ಮೊದಲ ಮಾತು ಅದು: “ನಾನೇ ಬಂದು ಆವಮ್ಮಂಗೆ ಹೇಳ್ತೀನಿ. ನಾನ್ ಹೇಳುದ್ರೆ ಕೇಳ್ತಾರೆ.” ಅವರು ಹೇಳುವುದನ್ನು ಹೇಳಲಿ. ನಾನು ಮಾಡುವುದು ಬೇರೆ. ಬಡಗಿಯ ಹತ್ತಿರ ಕೇಳಿಕೊಂಡಿದ್ದೇನೆ, ಬಚ್ಚಲ ಬಾಗಿಲನ್ನು ಕೀಲಿನಿಂದ ಕಳಚುವುದು ಕಷ್ಟವಲ್ಲವಂತೆ. ಮಂಗಳಾಗೌರಿಯ ಮನೆಯ ಬಚ್ಚಲ ಬಾಗಿಲನ್ನು ನಾನು ಕಳಚಿ ಬೀದಿಗೆ ಇಡುತ್ತೇನೆ. ಪರದೆಗೆ ಒಂದು ಸೀರೆ ಸಾಕು. ಆಮೇಲೆ ಪಕ್ಕದ ಮನೆಯದನ್ನು, ಅದರಾಚೆಯದನ್ನು. ಯಾರು ಬೈದರೂ ಬೈಯಲಿ.

ಬ್ಯಾಂಕಿನ ಆಸ್ತಿಗೆ ಹಾನಿಯಾಗಿದೆ ಎಂದು ತಕ್ಷಣ ವರದಿ ಬರೆಸಿ. ಬಡಗಿಯನ್ನು ಕಳಿಸಿ, ನೀವೂ ಬನ್ನಿ. ನೀವು ಎಂದಾದರೂ ಆ ಬಚ್ಚಲಿಗೆ ಬಂದು ನಿಂತು ತಲೆ ಎತ್ತಿ ನೋಡುವುದಾದರೆ, ಅದು ಬಾಗಿಲು ಹೋದದ್ದಕ್ಕಾಗಿಯೇ ಎಂದು ನನಗೆ ಈಗ ಅರ್ಥವಾಗಿದೆ.

ಇಂತಿ,
ಸದ್ಯಕ್ಕೆ ಪಟಮಟದಲ್ಲೂ ನಾಳೆಯಿಂದ ಗಾಜುವಾಕದಲ್ಲೂ ಸಿಗುವ,
ನಿಮ್ಮ ಬಾಗಿಲುಗಳ ಶತ್ರು,
ಕಮಲಾಳ ತಾಯಿ ಸುಲೋಚನಾ